ಪ್ರೈಮ್95: ಉತ್ತರ ನಂಬಬಹುದು, ಯಂತ್ರ ಗಟ್ಟಿಯಿರಬೇಕು

ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಗಿಂಪ್ಸ್ ಯೋಜನೆಯನ್ನು ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಶುರು ಮಾಡಿದರು. ಪ್ರೈಮ್95 ಅದರ ಉಚಿತ ತಂತ್ರಾಂಶ. ಲಿನಕ್ಸ್‌ನಲ್ಲಿ ಎಂಪ್ರೈಮ್ ಎನ್ನುತ್ತಾರೆ.

ಇದರ ಮುಖ್ಯ ಕೆಲಸ ಮರ್ಸೆನ್ ಸಂಖ್ಯೆಗಳ ಮೇಲೆ, ಅಂದರೆ 2ರ ಘಾತದಲ್ಲಿ 1 ಕಳೆದವು. 2024ರ ಅಕ್ಟೋಬರ್‌ನಲ್ಲಿ ಸಿಕ್ಕಿದ ಅವಿಭಾಜ್ಯ 2^136279841 − 1ಕ್ಕೆ 4,10,24,320 ಅಂಕಿಗಳಿವೆ. ಇಂಥ ಗಾತ್ರದಲ್ಲೂ ಪರೀಕ್ಷೆ ಸಾಧ್ಯವಾಗುವುದು ಈ ಸಂಖ್ಯೆಗಳ ಗುಣದಿಂದಲೇ. 2^5 − 1 = 31 ನೋಡಿ: 4ರಿಂದ ಶುರು ಮಾಡಿ, ವರ್ಗ ಮಾಡಿ 2 ಕಳೆದು, 31ರಿಂದ ಭಾಗಿಸಿದ ಶೇಷ ಉಳಿಸಿಕೊಳ್ಳಿ. 4, 14, 8, 0. ಮೂರೇ ಹೆಜ್ಜೆಗೆ ಸೊನ್ನೆ ಬಂತು, 31 ಅವಿಭಾಜ್ಯ. ಅಪವರ್ತನಗಳಿಗೂ ಕಟ್ಟುಪಾಡಿದೆ: 2^11 − 1 = 2047 = 23 × 89. ಎರಡನ್ನೂ 11ರ ಎರಡರಷ್ಟಾದ 22ರಿಂದ ಭಾಗಿಸಿದರೆ 1 ಉಳಿಯುತ್ತದೆ. 8ರಿಂದ ಭಾಗಿಸಿದರೆ 7 ಅಥವಾ 1. ಹಾಗಾಗಿ ಬಹುಪಾಲು ಭಾಜಕಗಳನ್ನು ಮುಟ್ಟಲೇಬೇಕಿಲ್ಲ.

ತಂತ್ರಾಂಶದ ನಿಜವಾದ ಹೆಚ್ಚುಗಾರಿಕೆ ತಪ್ಪು ಹಿಡಿಯುವುದರಲ್ಲಿದೆ. ಹದಿಮೂರು ಕೋಟಿಗೂ ಮಿಕ್ಕಿ ವರ್ಗ ಮಾಡುವಾಗ ಒಂದೇ ಒಂದು ಬಿಟ್ ಕೆಟ್ಟರೂ ಇಡೀ ಫಲಿತಾಂಶ ಹಾಳು. ಸಂಖ್ಯೆ ಬಹುಮಟ್ಟಿಗೆ ಅವಿಭಾಜ್ಯವೇ ಎಂದು ನೋಡುವ ಈಗಿನ ಪಿಆರ್‌ಪಿ ಪರೀಕ್ಷೆಯಲ್ಲಿ ಗರ್ಬಿಚ್ ತಪಾಸಣೆ ಇಂಥದ್ದನ್ನು ಹಿಡಿದು, ಕೊನೆಯ ಸರಿಯಾದ ಹಂತಕ್ಕೆ ಹಿಂದಿರುಗಿ ಮತ್ತೆ ಮಾಡುತ್ತದೆ. ಜೊತೆಗೆ ಲೆಕ್ಕ ಸರಿಯಿದೆ ಎಂದು ತೋರಿಸುವ ಪ್ರೂಫ್ ಫೈಲ್ ತಯಾರಾಗುವುದರಿಂದ ಇನ್ನೊಬ್ಬರು ಪೂರ್ತಿ ಲೆಕ್ಕವನ್ನು ಮರಳಿ ಮಾಡಬೇಕಿಲ್ಲ. ಪ್ರೂಫ್ ಪವರ್ ಎಂಬ ಸೆಟ್ಟಿಂಗ್ 8 ಇದ್ದರೆ ಅವರಿಗೆ 256ರಲ್ಲಿ ಒಂದು ಪಾಲು ಕೆಲಸ ಸಾಕು. ಬೆಲೆ ಡಿಸ್ಕ್ ಜಾಗ: ಮೇಲೆ ಹೇಳಿದ ಗಾತ್ರದ ಸಂಖ್ಯೆಗೆ ತಾತ್ಕಾಲಿಕವಾಗಿ ಸುಮಾರು 4.4 ಜಿಬಿ, ಕೊನೆಗೆ ಅಪ್‌ಲೋಡ್ ಸುಮಾರು 150 ಎಂಬಿ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ನಡೆಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಯೋಜನೆಗೆ ಸೇರುವ ಮೊದಲು, ಯಂತ್ರದ ಗಟ್ಟಿತನ ನೋಡುವ ಟಾರ್ಚರ್ ಟೆಸ್ಟ್‌ನಲ್ಲಿ ಮೆಮೊರಿಯನ್ನೂ ಪರೀಕ್ಷಿಸುವ ಬ್ಲೆಂಡ್ ಆರಿಸಿ ಒಂದಿಡೀ ದಿನ ಓಡಿಸಿ. 'ರೌಂಡಿಂಗ್ ವಾಸ್ 0.5' ಎಂಬ ಸಂದೇಶ ಬಂದರೆ ತಂತ್ರಾಂಶವನ್ನು ದೂರಬೇಡಿ. ಸಾಮಾನ್ಯವಾಗಿ ಕಾರಣ ರ‍್ಯಾಮ್ ವೇಗ, ಓವರ್‌ಕ್ಲಾಕ್ (ಚಿಪ್ ಅನ್ನು ನಿಗದಿಗಿಂತ ವೇಗವಾಗಿ ಓಡಿಸುವುದು) ಅಥವಾ ಬಿಸಿ. ಮೊದಲು ಬಯಾಸ್‌ನಲ್ಲಿ ಮೆಮೊರಿ ವೇಗ ಏರಿಸುವ ಎಕ್ಸ್‌ಎಂಪಿ ತೆಗೆದು ಇನ್ನೊಮ್ಮೆ ನೋಡಿ.

ಬದಲಿಸಬೇಕಾದ ಸೆಟ್ಟಿಂಗ್ ಒಂದಿದೆ. ರಿಸೋರ್ಸ್ ಲಿಮಿಟ್ಸ್‌ನಲ್ಲಿ ಅಪವರ್ತನ ಹುಡುಕುವ ಪಿ−1 ಹಂತಕ್ಕೆ ಕೊಟ್ಟಿರುವ ಮೆಮೊರಿ ಬರೀ 0.3 ಜಿಬಿ, ತೀರಾ ಕಡಿಮೆ. 16 ಜಿಬಿ ಯಂತ್ರದಲ್ಲಿ 8 ಕೊಡಿ, ಅಪವರ್ತನ ಸಿಗುವ ಸಾಧ್ಯತೆ ಏರುತ್ತದೆ. ವೇಗಕ್ಕೆ ಅಡ್ಡಿ ಬರುವುದು ಹೆಚ್ಚಾಗಿ ಮೆಮೊರಿ ಬ್ಯಾಂಡ್‌ವಿಡ್ತ್. ಒಂದು 16 ಜಿಬಿ ಮೆಮೊರಿ ಕಡ್ಡಿಗಿಂತ ಎರಡು 8 ಜಿಬಿ ಕಡ್ಡಿ ವಾಸಿ. ಕರೆಂಟ್ ಹೋದರೂ ಹೆಚ್ಚು ನಷ್ಟವಿಲ್ಲ, ಅರ್ಧ ಗಂಟೆಗೊಮ್ಮೆ ತಾನೇ ಉಳಿಸಿಕೊಳ್ಳುತ್ತದೆ.

ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಮಾತ್ರ, ಪ್ರೊಸೆಸರ್ ಮೇಲೆ ಓಡುವ ಪ್ರೈಮ್95 ಸರಿಯಾದ ಆಯ್ಕೆಯಲ್ಲ. 2024ರ ಸಂಖ್ಯೆ ಸಿಕ್ಕಿದ್ದೂ ಜಿಪಿಯು ಮೇಲೆ, ಜಿಪಿಯುಔಲ್ ತಂತ್ರಾಂಶದಿಂದ. ಲ್ಯಾಪ್‌ಟಾಪ್‌ನಲ್ಲಿ ಹಗಲುರಾತ್ರಿ ಓಡಿಸುವುದನ್ನೂ ನಾವು ಒಪ್ಪುವುದಿಲ್ಲ, ಆ ಬಿಸಿ ತಡೆಯಲು ಅದರ ಫ್ಯಾನ್‌ಗೆ ಶಕ್ತಿ ಸಾಲದು. ಡೆಸ್ಕ್‌ಟಾಪ್‌ನಲ್ಲಾದರೂ ಹೆಚ್ಚುವರಿ 100 ವ್ಯಾಟ್ ಎಂದುಕೊಂಡರೆ ತಿಂಗಳಿಗೆ 72 ಯೂನಿಟ್ ವಿದ್ಯುತ್ ಹೋಗುತ್ತದೆ.