ಮುಹೂರ್ತದ ಬ್ಲೌಸಿಗೆ ಕೈ ಮಗ್ಗಂ ವರ್ಕೋ, ಕಂಪ್ಯೂಟರ್ ವರ್ಕೋ, ರೆಡಿಮೇಡೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೈ ಮಗ್ಗಂ ವರ್ಕಿಗೆ. ಅದೂ ಎರಡು ತೋಳಿಗೆ ಮಾತ್ರ. ಬೆನ್ನು ತುಂಬ ಆನೆ ಅಂಬಾರಿ, ಪಲ್ಲಕ್ಕಿ ಅಂತ ಮಾಡಿಸುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಮುಹೂರ್ತದ ಹೊತ್ತಿಗೆ ಬೆನ್ನಿನ ಮೇಲೆ ಮೊಗ್ಗಿನ ಜಡೆ ಇಳಿದಿರುತ್ತದೆ, ಎಡಭುಜದಿಂದ ಸೆರಗು ಬಿದ್ದಿರುತ್ತದೆ, ಮುಂದಿನ ಕೊರಳನ್ನು ನೆಕ್ಲೇಸು, ಹಾರ, ಅದರ ಮೇಲೆ ಹೂವಿನ ಮಾಲೆ ಮುಚ್ಚಿರುತ್ತವೆ. ಅಕ್ಕಿಕಾಳು ಬೀಳುವಾಗಿನ ಫೋಟೊದಲ್ಲಿ ಬ್ಲೌಸ್ ಅಂತ ಕಾಣುವುದು ತೋಳೇ. ದುಡ್ಡು ಅಲ್ಲಿ ಹಾಕಿ.

ನಮ್ಮ ದಾವಣಗೆರೆಯಲ್ಲಿ ಮದುವೆ ಹುಡುಗಿಯ ಮುಂದೆ ಇರುವ ದಾರಿ ಮೂರು. ಮೊದಲನೆಯದು ಕೊಕ್ಕೆ ಮೂತಿಯ ಆರಿ ಸೂಜಿಯಲ್ಲಿ, ಬಟ್ಟೆಯನ್ನು ಫ್ರೇಮಿಗೆ ಬಿಗಿದು ಕೈಯಲ್ಲಿ ಮಾಡುವ ಮಗ್ಗಂ ವರ್ಕ್. ಎರಡನೆಯದು ಮೆಶಿನ್ ಹಾಕುವ ಕಂಪ್ಯೂಟರ್ ಎಂಬ್ರಾಯ್ಡರಿ. ಮೂರನೆಯದು ವರ್ಕ್ ಮಾಡಿಯೇ ಮಾರುವ ರೆಡಿಮೇಡ್ ಬ್ಲೌಸ್. ಮೂರನ್ನೂ ಸೀರೆಯ ಜೊತೆ ಉಟ್ಟು, ಒಡವೆ ಹಾಕಿ, ಕೈ ಎತ್ತಿ ಇಳಿಸಿ ನೋಡಿದ ಮೇಲಿನ ಮಾತು ಇದು.

ಕಂಪ್ಯೂಟರ್ ವರ್ಕಿನ ದೊಡ್ಡ ಗುಣ ವೇಗ ಮತ್ತು ಬೆಲೆ. ಡಿಸೈನ್ ಮೆಶಿನ್ನಿನಲ್ಲಿ ಇದ್ದರೆ ಒಂದೇ ದಿನದಲ್ಲಿ ಕೈಗೆ ಬರುತ್ತದೆ. ಎಡಬಲ ತೋಳು ಅಚ್ಚು ಹೊಡೆದ ಹಾಗೆ ಒಂದೇ ಸಮ. ಆದರೆ ತೆಳು ರೇಷ್ಮೆಯ ಮೇಲೆ ದಟ್ಟವಾಗಿ ಹಾಕಿಸಿದರೆ ಬಟ್ಟೆ ಸುತ್ತ ಸುಕ್ಕು ಎಳೆಯುತ್ತದೆ, ಇಸ್ತ್ರಿಗೂ ಬಗ್ಗುವುದಿಲ್ಲ. ಹೊಲಿಗೆ ನಿಲ್ಲಲಿ ಅಂತ ಬಟ್ಟೆಯ ಹಿಂದೆ ಇಟ್ಟ ಬಿಳಿ ಪೇಪರನ್ನು ಪೂರ್ತಿ ಹರಿದು ತೆಗೆಯದಿದ್ದರೆ ತೋಳು ರಟ್ಟಿನ ಹಾಗೆ ನಿಲ್ಲುತ್ತದೆ, ಬೆವರಿಗೆ ಚುಚ್ಚುತ್ತದೆ. ಕಲ್ಲುಗಳು ಬಹುಪಾಲು ಗಮ್ಮಿನವು. ಬಿಸಿ ಇಸ್ತ್ರಿ ಒಂದು ಸಲ ನೇರವಾಗಿ ತಾಗಿದರೆ ಸಾಕು, ಉದುರಲು ಶುರು.

ಕೈಕೆಲಸ ಅಂತ ಹೇಳಿ ಮೆಶಿನ್ ಕೆಲಸವನ್ನೇ ಕೊಡುವವರೂ ಇದ್ದಾರೆ. ಲೈನಿಂಗ್ ಹಾಕುವ ಮೊದಲು ಬಟ್ಟೆ ತಿರುಗಿಸಿ ನೋಡಿ. ಮೆಶಿನ್ನಿನದಾದರೆ ಹಿಂದೆ ಎಲ್ಲ ಕಡೆ ಒಂದೇ ಬಣ್ಣದ, ಸಾಮಾನ್ಯವಾಗಿ ಬಿಳಿಯ, ಬಾಬಿನ್ ದಾರ ಕಾಣುತ್ತದೆ. ಕೈಯದಾದರೆ ಮುಂದಿನ ಬಣ್ಣದ ದಾರವೇ ಹಿಂದೆ ಸಣ್ಣ ಸಣ್ಣ ಗೆರೆಯಾಗಿ ಓಡಿರುತ್ತದೆ, ಅಲ್ಲಲ್ಲಿ ಗಂಟು ಇರುತ್ತದೆ.

ರೆಡಿಮೇಡಿನ ಬಗ್ಗೆ ಎರಡೇ ಮಾತು: ಆರತಕ್ಷತೆಗೆ ಆಗುತ್ತದೆ, ಮುಹೂರ್ತಕ್ಕೆ ಬೇಡ. ಹಲವಕ್ಕೆ ಪಕ್ಕದಲ್ಲಿ ಬಿಚ್ಚಲು ಸಾಕಷ್ಟು ಬಟ್ಟೆ ಇರುವುದಿಲ್ಲ, ಎದೆಗೆ ಸರಿಯಾದದ್ದು ಕಂಕುಳಲ್ಲಿ ಸಡಿಲ.

ಇನ್ನು ಕೈ ಮಗ್ಗಂ. ನೋಡಲು ಇದಕ್ಕೆ ಸಾಟಿ ಇಲ್ಲ. ಜರದೋಸಿ ಅನ್ನುವ ಲೋಹದ ತಂತಿಯ ಸುರುಳಿ, ಮುತ್ತು, ಸಣ್ಣ ಮಣಿ ಎಲ್ಲ ಒಂದೊಂದಾಗಿ ಹೊಲಿದು ಕೂತಿರುವುದರಿಂದ ಬಟ್ಟೆ ಮೆತ್ತಗೇ ಉಳಿಯುತ್ತದೆ. ಆದರೆ ಇದರಲ್ಲಿ ಒಂದು ದೊಡ್ಡ ತೊಡಕಿದೆ. ಅದು ಗೊತ್ತಿಲ್ಲದೆ ಕೊಟ್ಟವರೇ ಮದುವೆಯ ಹಿಂದಿನ ವಾರ ಟೈಲರ್ ಅಂಗಡಿ ಮುಂದೆ ಅಳುತ್ತ ಕೂರುವುದು.

ಮಾಮೂಲಿ ಬ್ಲೌಸನ್ನು ಮೊದಲು ಕತ್ತರಿಸಿ ಆಮೇಲೆ ಹೊಲಿಯುತ್ತಾರೆ. ಮಗ್ಗಂನಲ್ಲಿ ಕತ್ತರಿಸುವ ಮೊದಲೇ, ಇಡೀ ಬಟ್ಟೆಯ ಮೇಲೆ ಕೊರಳು, ತೋಳು ಗುರುತು ಹಾಕಿ ವರ್ಕ್ ಮುಗಿಸಬೇಕು. ಗುರುತು ತಪ್ಪಿದರೆ ವರ್ಕ್ ಎಲ್ಲೋ, ಹೊಲಿಗೆ ಎಲ್ಲೋ. ವರ್ಕ್ ಮೇಲೆಯೇ ಕತ್ತರಿ ಆಡಿದರೆ ಇನ್ನೂ ಕಷ್ಟ: ಆರಿ ಹೊಲಿಗೆ ಸರಪಳಿ ಹೊಲಿಗೆ, ಕತ್ತರಿಸಿದ ತುದಿಯನ್ನು ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ, ಮಣಿಗಳೆಲ್ಲ ನೆಲಕ್ಕೆ. ಹೆಚ್ಚಿನ ಕಡೆ ವರ್ಕ್ ಮಾಡುವವರು ಬೇರೆ, ಹೊಲಿಯುವವರು ಬೇರೆ. ಗುರುತು ಹಾಕಿದ್ದು ಅವರು ಅಂತ ಇವರು, ಕತ್ತರಿಸಿದ್ದು ಇವರು ಅಂತ ಅವರು. ನಡುವೆ ಸಿಕ್ಕಿಕೊಳ್ಳುವುದು ಮದುವೆ ಹುಡುಗಿ.

ಹಳೆಯ ಅಳತೆ ಬ್ಲೌಸ್ ಕೊಟ್ಟು ಬರುವುದೇ ಈ ತಪ್ಪಿನ ಮೂಲ. ಅದು ಒಗೆದು ಒಗೆದು ಜಗ್ಗಿರುತ್ತದೆ, ಅದರ ತೋಳು ಗಿಡ್ಡ ಇರುತ್ತದೆ, ಕೊರಳು ನಿಮಗೀಗ ಬೇಕಾದ ಆಕಾರದ್ದಲ್ಲ. ಸರಿಯಾದ ದಾರಿ ಹೀಗೆ. ಮುಹೂರ್ತದ ಬ್ಲೌಸ್ ಹೊಲಿಯುವ ಟೈಲರ್ ಕೈಯಲ್ಲೇ, ಅಗ್ಗದ ಕಾಟನ್ ಬಟ್ಟೆಯಲ್ಲಿ, ಬೇಕಾದ ಕೊರಳು ಮತ್ತು ತೋಳಿನ ಉದ್ದಕ್ಕೆ ಒಂದು ಟ್ರಯಲ್ ಬ್ಲೌಸ್ ಹೊಲಿಸಿ. ಹಾಕಿಕೊಂಡು ಕೈ ಎತ್ತಿ, ಬಗ್ಗಿ, ಕೂತು ನೋಡಿ ತಿದ್ದಿಸಿ. ಆಮೇಲೆ ಹೊಲಿಗೆ ಬಿಚ್ಚಿಸಿ, ಆ ತುಂಡುಗಳನ್ನೇ ಅಳತೆಯಾಗಿ ವರ್ಕ್‌ನವರಿಗೆ ಕೊಡಿ. ಪ್ರತಿ ತುಂಡಿನ ಮೇಲೆ ‘ಬಲ ತೋಳು, ಮುಂದೆ’ ಅಂತ ಪೆನ್ನಿನಲ್ಲಿ ಬರೆದಿರಲಿ.

ಬರೆಯುವುದು ಯಾಕೆಂದರೆ, ತೋಳಿಗೂ ಹಿಂದೆ ಮುಂದೆ ಇದೆ. ಮುಂಭಾಗದ ಕಂಕುಳ ಸುತ್ತು ಹೆಚ್ಚು ಒಳಗೆ ಕೊರೆದಿರುತ್ತದೆ. ಡಿಸೈನಿನಲ್ಲಿ ನವಿಲೋ ಗಿಳಿಯೋ ಇದ್ದರೆ ಎರಡು ತೋಳಿನವೂ ಮುಂದಕ್ಕೆ ಮುಖ ಮಾಡಿರಬೇಕು, ಅಂದರೆ ಒಂದು ಇನ್ನೊಂದರ ಕನ್ನಡಿ ಬಿಂಬ. ಒಂದೇ ಖಾಕಾ ಪೇಪರನ್ನು ತಿರುಗಿಸದೆ ಎರಡು ಸಲ ಉಜ್ಜಿದರೆ ಒಂದು ನವಿಲು ಮುಂದೆ ನೋಡುತ್ತದೆ, ಇನ್ನೊಂದು ಬೆನ್ನ ಹಿಂದೆ. ಖಾಕಾ ಅಂದರೆ ಡಿಸೈನ್ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿದ ಟ್ರೇಸಿಂಗ್ ಪೇಪರ್. ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯನ್ನು ಅದರ ಮೇಲೆ ಉಜ್ಜಿ ಗುರುತು ಇಳಿಸುತ್ತಾರೆ. ಗುರುತು ಬಿದ್ದ ಮೇಲೆ, ಸೂಜಿ ಇಳಿಯುವ ಮೊದಲು, ಹೋಗಿ ನೋಡಿ ಬನ್ನಿ. ಹೋಗಲಾಗದಿದ್ದರೆ ಫೋಟೊ ತರಿಸಿಕೊಳ್ಳಿ. ಆಮೇಲೆ ತಿದ್ದುವುದು ಆಗದ ಮಾತು.

ಎಲ್ಲಿ ವರ್ಕ್ ಬೇಡ ಅನ್ನುವುದನ್ನೂ ಹೇಳಿಯೇ ಬರಬೇಕು. ತೋಳಿನ ಕೆಳಹೊಲಿಗೆಯ ಎರಡೂ ಬದಿ 1.5 ಇಂಚು ಖಾಲಿ ಇರಲಿ. ಅಲ್ಲಿ ಮಣಿ ಇದ್ದರೆ ಎರಡೇ ಗಂಟೆಯಲ್ಲಿ ಪಕ್ಕೆಯ ಚರ್ಮ ಕೆಂಪಾಗುತ್ತದೆ, ಸೀರೆಯ ರೇಷ್ಮೆ ಎಳೆಯೂ ಎದ್ದು ಬರುತ್ತದೆ. ಎಲ್ಲ ಹೊಲಿಗೆ ಗೆರೆಗಿಂತ ಅರ್ಧ ಇಂಚು ಒಳಗೇ ವರ್ಕ್ ನಿಲ್ಲಲಿ, ಇಲ್ಲದಿದ್ದರೆ ಮೆಶಿನ್ ಸೂಜಿ ಮಣಿಗೆ ಬಡಿದು ಮುರಿಯುತ್ತದೆ. ಪಕ್ಕೆಯಲ್ಲಿ ಒಂದೊಂದು ಬದಿಗೆ 1 ರಿಂದ 1.5 ಇಂಚು ಬಟ್ಟೆ ಒಳಗೆ ಬಿಟ್ಟಿರಬೇಕು. ಮದುವೆ ಓಡಾಟದಲ್ಲಿ ಮೈ ಇಳಿಯುವವರೂ ಇದ್ದಾರೆ, ಊರೂರಿನ ನೆಂಟರ ಮನೆ ಊಟದಲ್ಲಿ ಏರುವವರೂ ಇದ್ದಾರೆ.

ವಂಕಿ ಹಾಕುವವರಿಗೆ ಇನ್ನೊಂದು ಮಾತು. ವಂಕಿ ಕೂರುವ ಜಾಗದಲ್ಲಿ ಮಣಿ ಕೆಲಸ ಇದ್ದರೆ ವಂಕಿ ಜಾರುತ್ತದೆ, ಇಲ್ಲವೇ ಅದರ ಕೊಕ್ಕೆ ದಾರ ಎಳೆಯುತ್ತದೆ. ಮೊಣಕೈವರೆಗಿನ, ಸುಮಾರು 10 ಇಂಚಿನ ತೋಳಿನಲ್ಲಿ ಕೆಳಗಿನ 4 ಇಂಚು ಮಾತ್ರ ದಟ್ಟ ವರ್ಕ್ ಇಟ್ಟು, ಮೇಲೆ ಬಿಡಿ ಬುಟ್ಟಾ ಹಾಕಿಸಿದರೆ ವಂಕಿಗೂ ಜಾಗ, ಖರ್ಚೂ ಕಡಿಮೆ. ಇದಕ್ಕೆ ನನ್ನ ಲೆಕ್ಕದಲ್ಲಿ 3 ರಿಂದ 4 ಸಾವಿರ ಸಾಕು. ಬೆನ್ನು, ಮುಂಗೊರಳು ಸೇರಿಸಿದಿರೋ ದುಪ್ಪಟ್ಟಿಗೂ ಮೇಲೆ ಹೋಗುತ್ತದೆ. ಭಾರಕ್ಕೆ ಭುಜವೂ ಜಾರುತ್ತದೆ, ಆಗ ಹಿಂದೆ ಲಾಡಿ ಕಟ್ಟಬೇಕು.

ಬಟ್ಟೆಯ ವಿಷಯ. ಸೀರೆಯ ಜೊತೆ ಬರುವ ಬ್ಲೌಸ್ ಪೀಸ್ ಸಾಮಾನ್ಯವಾಗಿ 80 ಸೆಂಟಿಮೀಟರ್. ಫ್ರೇಮಿಗೆ ಬಿಗಿಯಲು ಸುತ್ತ 3 ಇಂಚಾದರೂ ಹೆಚ್ಚು ಬೇಕು, ಮೇಲೆ ಉದ್ದ ತೋಳು. ಎದೆ ಸುತ್ತಳತೆ 38 ಇಂಚು ದಾಟಿದರೆ ಆ ಪೀಸ್ ಸಾಲದು. ಬಟ್ಟೆ ತೆಳುವಾಗಿದ್ದರೆ ಜರದೋಸಿಯ ಭಾರಕ್ಕೆ ಎಳೆ ಸರಿಯುತ್ತದೆ. ಅದಕ್ಕೆ ಮ್ಯಾಚಿಂಗ್ ರಾ ಸಿಲ್ಕ್ ಒಂದೂಕಾಲು ಮೀಟರ್ ತೆಗೆದುಕೊಳ್ಳಿ. ನಮ್ಮೂರ ಚೌಕಿಪೇಟೆಯ ಬಟ್ಟೆ ಅಂಗಡಿಗಳಿಗೆ ಹೋಗುವಾಗ ಸೀರೆಯನ್ನೇ ಒಯ್ಯಿರಿ, ಮೊಬೈಲ್ ಫೋಟೊ ನಂಬಬೇಡಿ. ಅಂಗಡಿಯ ಲೈಟಿನಲ್ಲಿ ಒಂದೇ ಅನ್ನಿಸಿದ ಮಾವಿನ ಚಿಗುರು ಬಣ್ಣ ಬಿಸಿಲಿಗೆ ಬಂದರೆ ಬೇರೆಯೇ ಆಗಿರುತ್ತದೆ. ಒಂದು ಕಾಲಕ್ಕೆ ಬಟ್ಟೆ ಗಿರಣಿಗಳ ಊರು ನಮ್ಮದು, ಆದರೂ ಸರಿಯಾದ ಮ್ಯಾಚಿಂಗಿಗೆ ನಾಲ್ಕು ಅಂಗಡಿ ಹತ್ತಿ ಇಳಿಯದೆ ವಿಧಿಯಿಲ್ಲ.

ಲೈನಿಂಗ್ ಕಾಟನ್ನೇ ಇರಲಿ. ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಟೈಲರಿಗೆ ಕೊಡಿ. ಏಪ್ರಿಲ್, ಮೇ ತಿಂಗಳ ನಮ್ಮೂರ ಸೆಕೆಗೆ ಸ್ಯಾಟಿನ್ ಲೈನಿಂಗ್ ಹಾಕಿದರೆ ಹೋಮದ ಹೊಗೆ ಮುಂದೆ ಕೂತಾಗ ದೇವರೇ ಗತಿ.

ದಿನದ ಲೆಕ್ಕ ಮುಹೂರ್ತದಿಂದ ಹಿಂದಕ್ಕೆ ಎಣಿಸಿ. 45 ದಿನ ಮೊದಲು ಬಟ್ಟೆ, ಅದೇ ವಾರ ಟ್ರಯಲ್ ಬ್ಲೌಸ್. 35 ದಿನ ಇರುವಾಗ ಬಟ್ಟೆ ಫ್ರೇಮಿಗೆ ಏರಿರಬೇಕು, 15 ದಿನ ಇರುವಾಗ ಟೈಲರ್ ಕೈಯಲ್ಲಿರಬೇಕು. ಕೊನೆಯ ವಾರ ಸೀರೆ, ವಂಕಿ, ಬಳೆ ಎಲ್ಲ ಹಾಕಿ ನೋಡಲು ಉಳಿಯಲಿ. ವರ್ಕ್‌ನವರಿಗೆ ಮದುವೆ ತಾರೀಕನ್ನು ಒಂದು ವಾರ ಮುಂಚಿನದೇ ಹೇಳಿ, ಪಾಪ ಏನೂ ಬರುವುದಿಲ್ಲ. ಶ್ರಾವಣದ ನಂತರದ ಮದುವೆಯಾದರೆ ಆಷಾಢದಲ್ಲೇ ಕೊಡಿ; ಲಗ್ನಗಳಿಲ್ಲದ ಆ ತಿಂಗಳಲ್ಲಿ ಕೆಲಸಕ್ಕೆ ಅವಸರ ಇರುವುದಿಲ್ಲ.

20 ದಿನವೂ ಉಳಿದಿಲ್ಲ ಅನ್ನುವವರು ಹಟ ಬಿಟ್ಟು ಕಂಪ್ಯೂಟರಿಗೆ ಹೋಗಿ. ಮೆಶಿನ್ನಿನಲ್ಲಿ ಗೆರೆ ಮಾತ್ರ ಹಾಕಿಸಿ, ನಡುವೆ ಮುತ್ತು, ಮಣಿ ಕೈಯಲ್ಲಿ ಹೊಲಿಸಿದರೆ ನಾಲ್ಕು ಅಡಿ ದೂರದಿಂದ ಯಾರಿಗೂ ಗೊತ್ತಾಗುವುದಿಲ್ಲ. ಗಮ್ಮಿನ ಕಲ್ಲು ಬೇಡ, ತೂತಿರುವ ಕಲ್ಲು ಹಾಕಿ ಅನ್ನಿ.

ಅರಿಶಿಣ ಶಾಸ್ತ್ರಕ್ಕೆ ಈ ಮೂರರಲ್ಲಿ ಯಾವುದೂ ಬೇಡ. ಅಜ್ಜಿಯರು ಜಂಪರ್ ಅನ್ನುತ್ತಿದ್ದ ಸಾದಾ ಕಾಟನ್ ಬ್ಲೌಸ್ ಸಾಕು, ಎಣ್ಣೆ ಅರಿಶಿಣದ ಕಲೆ ಹೇಗೂ ಹೋಗುವುದಿಲ್ಲ.

ಮುಹೂರ್ತದ ದಿನ ಸೆಂಟನ್ನು ಬ್ಲೌಸ್ ಹಾಕುವ ಮೊದಲೇ ಮೈಗೆ ಹಾಕಿ ಒಣಗಲು ಬಿಡಿ. ಜರದೋಸಿಗೆ ಸೆಂಟು, ಬೆವರು ತಾಗಿದರೆ ಕಪ್ಪಾಗುತ್ತದೆ. ಬಿಚ್ಚಿದ ಕೂಡಲೇ ಕವರಿಗೆ ತುರುಕಬೇಡಿ. ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಂದು ದಿನ ಹರವಿ, ಹಳೆಯ ಬಿಳಿ ಪಂಚೆಯ ತುಂಡಲ್ಲಿ ಸುತ್ತಿಡಿ. ಉಳಿದ ಮಣಿ, ದಾರವನ್ನು ವರ್ಕ್‌ನವರಿಂದ ಕೇಳಿ ಪಡೆದು ಅದರ ಜೊತೆಗೇ ಇಟ್ಟಿರಿ, ನಾಳೆ ಒಂದೆರಡು ಮಣಿ ಉದುರಿದರೆ ಅದೇ ಬಣ್ಣ ಮತ್ತೆ ಸಿಗುವುದಿಲ್ಲ.