ಇನ್ನೂರು ರೂಪಾಯಿ ಜಾಸ್ತಿ ಕೊಟ್ಟು ಹಂಪನಕಟ್ಟೆಯಲ್ಲಿ ತಗೊಂಡ ಮಿಕ್ಸಿ

ಮಂಗಳೂರಿನ ಹಂಪನಕಟ್ಟೆಯಿಂದ ಸೆಂಟ್ರಲ್ ಮಾರ್ಕೆಟ್ ಕಡೆ ಹೋಗುವಾಗ ಮಿಕ್ಸಿ, ಗ್ರೈಂಡರ್ ಮಾರುವ ಒಂದು ಹಳೇ ಅಂಗಡಿ ಸಿಗುತ್ತದೆ. ಬೋರ್ಡ್ ಮಾಸಿದೆ, ಎಸಿ ಇಲ್ಲ, ಗಾಡಿ ನಿಲ್ಲಿಸಲು ಜಾಗ ಇಲ್ಲವೇ ಇಲ್ಲ. ಹೋದ ವಾರ ಅಲ್ಲಿ 750 ವ್ಯಾಟ್‌ನ ಮಿಕ್ಸಿ ತಗೊಂಡೆ. ಆನ್‌ಲೈನ್‌ನಲ್ಲಿ ಅದಕ್ಕೆ 200 ರೂಪಾಯಿ ಕಡಿಮೆ ಇತ್ತು. ಗೊತ್ತಿದ್ದೇ ಇಲ್ಲಿ ತಗೊಂಡದ್ದು.

ಹಿಂದಿನ ಮಿಕ್ಸಿಯನ್ನು ಒಂದು ಆ್ಯಪ್‌ನಿಂದ ತರಿಸಿದ್ದೆ. ಮೂರೇ ತಿಂಗಳಲ್ಲಿ ಜಾರಿನ ಬುಡದಿಂದ ಮಸಾಲೆ ಸೋರಲು ಶುರುವಾಯಿತು. ವಾರಂಟಿ ಇತ್ತು, ಎಷ್ಟು ಸಲ ಫೋನ್ ಮಾಡಿದರೂ ಯಾರೂ ಬರಲಿಲ್ಲ. ಕೊನೆಗೆ ಸರಿ ಮಾಡಿಕೊಟ್ಟವರು ಈ ಅಂಗಡಿಯವರೇ ಮಾರಾಯ್ರೆ, ತಮ್ಮಲ್ಲಿ ತಗೊಳ್ಳದ ಮಿಕ್ಸಿಯನ್ನು! ವಾಷರ್ ಬದಲಾಯಿಸಿ 80 ರೂಪಾಯಿ ತಗೊಂಡರು, ಅಷ್ಟೇ. ಈ ಸಲವೂ ನಾನು ದುಬಾರಿಯದ್ದಕ್ಕೆ ಕೈ ಹಾಕಿದಾಗ, "ಅಕ್ಕಾ, ಮೀನು ಸಾರಿಗೆ ಕಾಯಿ ಕಡೆಯಲಿಕ್ಕೆ ಇದೇ ಸಾಕು" ಎಂದು ಕಡಿಮೆಯದ್ದನ್ನೇ ಮುಂದಿಟ್ಟರು.

ಒಳಗೆ ನೋಡಿ ಮಾತ್ರ ಕರುಳು ಚುರುಕ್ ಅಂದಿತು. ಮೊದಲು ಆರು ಜನ ಕೆಲಸಕ್ಕಿದ್ದರು, ಈಗ ಇಬ್ಬರು. 2013ರಲ್ಲಿ ಅಮೆಜಾನ್ ಭಾರತದಲ್ಲಿ ಶುರುವಾದಾಗ ಇವರಿಗೆ ಭಯ ಇರಲಿಲ್ಲವಂತೆ, ಮುಟ್ಟಿ ನೋಡದೆ ಮಿಕ್ಸಿ ಯಾರು ತಗೊಳ್ಳುತ್ತಾರೆ ಅಂತ. ಕೊರೊನಾ ಬಂದು ಅಂಗಡಿ ಮುಚ್ಚಿದ ದಿನಗಳಲ್ಲಿ ಜನರಿಗೆ ಆ ಅಭ್ಯಾಸವೂ ಆಯಿತು. ಬಿಟ್ಟು ಹೋದವರಲ್ಲಿ ಒಬ್ಬ ಹುಡುಗ ಈಗ ನಮ್ಮ ಬೀದಿಗೇ ಪಾರ್ಸೆಲ್ ತರುತ್ತಾನೆ. ಬೈಕ್ ಅವನದ್ದೇ, ಪೆಟ್ರೋಲೂ ಅವನದ್ದೇ, ಪಾರ್ಸೆಲ್‌ಗೆ ಇಷ್ಟು ಅಂತ ಲೆಕ್ಕ. ಆಟಿ ತಿಂಗಳ ಮಳೆಯಲ್ಲಿ ಜ್ವರ ಬಂದು ಮಲಗಿದರೆ ಆ ದಿನದ ದುಡ್ಡಿಲ್ಲ.

ಆನ್‌ಲೈನ್‌ನಿಂದ ಕೆಲಸ ಹೆಚ್ಚಿದೆ ಅನ್ನುತ್ತಾರೆ. ಸುಳ್ಳಲ್ಲ. ದೇಶದಲ್ಲಿ ಇಂಥ ಕೆಲಸದವರು 2020-21ರಲ್ಲಿ 77 ಲಕ್ಷ ಇದ್ದರು, 2029-30ಕ್ಕೆ 2.35 ಕೋಟಿ ಆಗಬಹುದು ಎಂದು ನೀತಿ ಆಯೋಗ ಅಂದಾಜು ಮಾಡಿದೆ. 2025ರಲ್ಲಿ ನಮ್ಮ ರಾಜ್ಯ ಅವರಿಗಾಗಿ ಕಾನೂನನ್ನೂ ತಂದಿತು, ಕಂಪನಿಗಳು ಅವರ ಕ್ಷೇಮನಿಧಿಗೆ ಹಣ ಕಟ್ಟಬೇಕು. ಒಳ್ಳೆಯದೇ. ಆದರೆ ಇದೇ ಅಂಗಡಿಯ ಕೌಂಟರಿನಲ್ಲಿ ಇಪ್ಪತ್ತು ವರ್ಷ ಬಿಲ್ ಬರೆದ ಅಕ್ಕ? ಐವತ್ತು ದಾಟಿದೆ, ಬೈಕ್ ಬಿಡಲು ಬರುವುದಿಲ್ಲ. ಅವರಿಗೆ ಯಾವ ಆ್ಯಪ್ ಕೆಲಸ ಕೊಡುತ್ತದೆ? ಈಗ ಮನೆಯಲ್ಲೇ ಬೀಡಿ ಕಟ್ಟುತ್ತಿದ್ದಾರಂತೆ.

ಅಂಗಡಿ ಭಾನುವಾರ ರಜೆ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿರುತ್ತದೆ, ಬೆಳಿಗ್ಗೆಯೇ ಹೋಗಿ. ಸೋರುವ ಜಾರು ಇದ್ದರೆ ಅದನ್ನೂ ತಗೊಂಡು ಹೋಗಿ, ನೀವು ನಿಂತಿರುವಾಗಲೇ ಸರಿ ಮಾಡಿ ಕೊಡುತ್ತಾರೆ.