ಎಎಸ್‌ಕೆ 21: ಎಲ್ಲ ಕಲಿಸುತ್ತದೆ, ಸ್ಪಿನ್ ಒಂದು ಬಿಟ್ಟು

ಇಬ್ಬರು ಕೂರುವ ತರಬೇತಿ ಗ್ಲೈಡರ್‌ಗಳಲ್ಲಿ ಶ್ಲೈಕರ್ ಕಂಪನಿಯ ಎಎಸ್‌ಕೆ 21ರಷ್ಟು ಸಾಧು ಸ್ವಭಾವದ್ದು ಸಿಗುವುದು ಕಷ್ಟ. ರುಡೋಲ್ಫ್ ಕೈಸರ್ ವಿನ್ಯಾಸ ಮಾಡಿದ ಇದು ಮೊದಲು ಹಾರಿದ್ದು 1979ರಲ್ಲಿ. ಜರ್ಮನಿಯ ಎಷ್ಟೋ ಕ್ಲಬ್ಬುಗಳಲ್ಲಿ ಹೊಸಬರು ಇವತ್ತಿಗೂ ಕಲಿಯುವುದು ಇದರಲ್ಲೇ. ಅಳತೆ, ಅನುಪಾತ ಕೈಪಿಡಿಯಲ್ಲಿವೆ, ಇಲ್ಲಿ ಅದರ ನಡತೆಯ ಮಾತು.

ಬೆಳಗಿನ ತಪಾಸಣೆಗೆ ಅವಸರ ಬೇಡ. ಹಳೆಯ ಗ್ಲೈಡರ್‌ಗಳಲ್ಲಿ ಐಲರಾನ್ (ರೆಕ್ಕೆ ವಾಲಿಸುವ ಹಲಗೆ), ಏರ್‌ಬ್ರೇಕ್ (ಇಳಿತ ಹೆಚ್ಚಿಸಲು ರೆಕ್ಕೆಯಿಂದ ಏಳುವ ಹಲಗೆ) ಇವುಗಳ ಸರಳುಗಳನ್ನು ರೆಕ್ಕೆಯ ಬುಡದಲ್ಲಿ ಕೈಯಿಂದಲೇ ಜೋಡಿಸಬೇಕು. ಪಿನ್ ಕಂಡರೆ ಸಾಲದು, ಕೊಂಡಿಯನ್ನು ಹಿಡಿದು ಎಳೆದು ನೋಡಿ. ಆಮೇಲೆ ಒಬ್ಬರು ಐಲರಾನ್ ಅನ್ನು ಕೈಯಲ್ಲಿ ಒತ್ತಿ ಹಿಡಿದಿರಲಿ, ಇನ್ನೊಬ್ಬರು ಒಳಗಿನ ಸ್ಟಿಕ್ (ಹಾರಿಸುವ ಕೋಲು) ಅಲುಗಿಸಲಿ. ಕೈಗೆ ಬಲ ತಾಗಿದರೆ ಮಾತ್ರ ಜೋಡಣೆ ನಿಜ. ಏರ್‌ಬ್ರೇಕ್, ಮೂಗು ಏರಿಳಿಸುವ ಎಲಿವೇಟರ್, ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್‌ಗೂ ಹೀಗೇ. ರೆಕ್ಕೆಯ ಮುಂದಿನ ಅಂಚಿಗೆ ಅಂಟಿದ ಹುಳುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬುಡದ ಸಂದಿಗೆ ಟೇಪ್ ಹಚ್ಚಿ. ಬಿಸಿಲಲ್ಲಿ ಕೆನಪಿಯನ್ನು (ಸೀಟಿನ ಮೇಲಿನ ಪಾರದರ್ಶಕ ಮುಚ್ಚಳ) ತೆರೆದಿಡಬೇಡಿ. ಬಾಗಿದ ಪ್ಲಾಸ್ಟಿಕ್ ಬಿಸಿಲನ್ನು ಒಂದೇ ಕಡೆ ಕೂಡಿಸಿ ಸೀಟು ಸುಟ್ಟುಬಿಡುತ್ತದೆ. ಹೊರಡುವ ಮುಂಚೆ ನೆಲದಲ್ಲಿ ತಳ್ಳಲು ಬಾಲಕ್ಕೆ ಕಟ್ಟಿದ ಗಾಲಿಗಾಡಿ ತೆಗೆದಿದೆಯೇ ನೋಡಿ, ಅದು ಉಳಿದರೆ ತೂಕದ ಕೇಂದ್ರ ಹಿಂದಕ್ಕೆ ಸರಿದು ಗ್ಲೈಡರ್ ಹಿಡಿತ ತಪ್ಪಬಹುದು.

ಗ್ಲೈಡರ್ ಅನ್ನು ಎಳೆದು ಮೇಲೇರಿಸುವ ವಿಂಚ್ ಹಗ್ಗ ಕಡಿದರೆ ಮೊದಲು ಮೂಗು ತಗ್ಗಿಸಿ, ನೆಲಕ್ಕೆ ಇಳಿಸಲು ಬೇಕಾದ ಹಾರಾಟದ ವೇಗ ಮೀಟರ್‌ನಲ್ಲಿ ಕಾಣುವವರೆಗೆ ಕಾಯಿರಿ. ಮೂಗು ತಗ್ಗಿದ ತಕ್ಷಣ ವೇಗ ಬಂದೇಬಿಟ್ಟಿತು ಎಂದು ತಿರುಗಿಸುವುದು ಅಥವಾ ಏರ್‌ಬ್ರೇಕ್ ಎಳೆಯುವುದು ದೊಡ್ಡ ಅಪಾಯ.

ನೇರ ಹಾರಾಟದಲ್ಲಿ ಸ್ಟಾಲ್ (ವೇಗ ಕುಗ್ಗಿ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಎಂದರೆ ಇದಕ್ಕೆ ಏನೂ ಅಲ್ಲ. ಇಬ್ಬರಿದ್ದಾಗ ಗಂಟೆಗೆ ಸುಮಾರು 65 ಕಿ.ಮೀ. ವೇಗಕ್ಕೆ ಮೈ ನಡುಗುತ್ತದೆ, ಮೂಗು ಮೆಲ್ಲಗೆ ಬಾಗುತ್ತದೆ. ಸ್ಟಿಕ್ ಸಡಿಲಿಸಿದರೆ ಸಾಕು. 45 ಡಿಗ್ರಿ ವಾಲಿಸಿ ಸುತ್ತುವಾಗ ಅದೇ ಸ್ಟಾಲ್ 77 ಕಿ.ಮೀ.ಗೇ ಬರುತ್ತದೆ. ಥರ್ಮಲ್ (ಮೇಲೇರುವ ಬಿಸಿ ಗಾಳಿ) ಹಿಡಿದು ಸುತ್ತುವವರು ನೆನಪಿಡಬೇಕಾದ ಲೆಕ್ಕ ಇದು.

ನನ್ನ ತಕರಾರು ಶುರುವಾಗುವುದೂ ಇಲ್ಲಿಂದಲೇ. ಮುಂದಿನ ಸೀಟಿನಲ್ಲಿ ಭಾರದವರು ಕೂತರೆ ಇದು ಸ್ಪಿನ್ (ಸ್ಟಾಲ್ ಆದ ಸ್ಥಿತಿಯಲ್ಲೇ ಗಿರಗಿರ ತಿರುಗುತ್ತ ಬೀಳುವುದು) ಆಗಲು ಒಪ್ಪುವುದೇ ಇಲ್ಲ. ಅರ್ಧ ಸುತ್ತು ತಿರುಗಿದಂತೆ ಮಾಡಿ ವೇಗ ಏರುತ್ತ ಸುತ್ತಿ ಇಳಿಯುವ ಸ್ಪೈರಲ್ ಡೈವ್‌ಗೆ ಜಾರುತ್ತದೆ. ಎರಡೂ ನೋಡಲು ಒಂದೇ, ಮದ್ದು ಬೇರೆ. ವೇಗ ಕಡಿಮೆಯಲ್ಲೇ ನಿಂತಿದ್ದರೆ ಸ್ಪಿನ್: ತಿರುಗುವುದಕ್ಕೆ ಎದುರು ದಿಕ್ಕಿನ ರಡ್ಡರ್ ಪೂರ್ತಿ ಒತ್ತಿ, ಐಲರಾನ್ ನಡುವೆ ಇಟ್ಟು, ತಿರುಗಾಟ ನಿಲ್ಲುವವರೆಗೆ ಸ್ಟಿಕ್ ಮುಂದಕ್ಕೆ ಬಿಡಿ. ನಿಂತ ಕೂಡಲೇ ರಡ್ಡರ್ ನಡುವಿಗೆ ತಂದು ಮೆತ್ತಗೆ ಎಳೆದು ಹೊರಬನ್ನಿ. ವೇಗ ಏರುತ್ತಿದ್ದರೆ ಸ್ಪೈರಲ್: ಮೊದಲು ಸ್ಟಿಕ್ಕಿನ ಎಳೆತ ಸಡಿಲಿಸಿ, ರೆಕ್ಕೆ ಮಟ್ಟ ಮಾಡಿ, ಆಮೇಲೆ ಎಳೆಯಿರಿ. ವಾಲಿದ ರೆಕ್ಕೆಯಲ್ಲೇ ಎಳೆದರೆ ಸುತ್ತು ಇನ್ನೂ ಬಿಗಿಯುತ್ತದೆ, ರೆಕ್ಕೆಗೆ ಹೊರೆ ಏರುತ್ತದೆ. 180 ಕಿ.ಮೀ. ದಾಟಿದ ಮೇಲೆ ಪೂರ್ತಿ ಕಂಟ್ರೋಲ್ ಬಳಸುವಂತಿಲ್ಲ, 280 ಕೊನೆಯ ಮಿತಿ.

ಇದೊಂದರಲ್ಲೇ ಕಲಿತವರಿಗೆ ನಿಜವಾದ ಸ್ಪಿನ್ ಎದುರಾಗುವುದು ಒಂಟಿ ಸೀಟಿನ ಗ್ಲೈಡರ್‌ನಲ್ಲಿ, ಜೊತೆಗೆ ಕಲಿಸುವವರು ಇಲ್ಲದಾಗ. ಬಾಲಕ್ಕೆ ಸ್ಪಿನ್ ತೂಕ ಹಾಕಿದರೆ ಇದೂ ಸುತ್ತುತ್ತದೆ. ಆದರೆ ಆ ತೂಕ ತೆಗೆಯಲು ಮರೆತು, ಮುಂದಿನ ಹಾರಾಟಕ್ಕೆ ಹಗುರ ಮೈಯವರನ್ನು ಕೂರಿಸಿದರೆ ಅದೇ ಪ್ರಾಣಕ್ಕೆ ಬರುತ್ತದೆ. ಹಾಕಿದ್ದು, ತೆಗೆದದ್ದು ಎರಡನ್ನೂ ಲಾಗ್‌ಬುಕ್ಕಿನಲ್ಲಿ ಬರೆದೇ ತೀರಬೇಕು. ಮುಂದಿನ ಸೀಟಿಗೆ ಕನಿಷ್ಠ 70 ಕಿಲೋ, ಕಡಿಮೆಯಾದರೆ ಸೀಸದ ತಟ್ಟೆ.

ಇಳಿಯುವಾಗ ಮಾತ್ರ ಮತ್ತೆ ಮನಸ್ಸು ಗೆಲ್ಲುತ್ತದೆ. 90 ಕಿ.ಮೀ. ಹಿಡಿದು, ಎದುರು ಗಾಳಿಯ ವೇಗದಲ್ಲಿ ಅರ್ಧ ಸೇರಿಸಿ ಬಂದರೆ ಗಟ್ಟಿ ಏರ್‌ಬ್ರೇಕ್ ಉಳಿದದ್ದನ್ನು ನೋಡಿಕೊಳ್ಳುತ್ತದೆ. ನೆಲ ತಾಗಿ ಪುಟಿದರೆ ಸ್ಟಿಕ್ ಮುಂದಕ್ಕೆ ತಳ್ಳಬೇಡಿ, ಮೂಗಿನ ಗಾಲಿ ಬಡಿದು ಮತ್ತೆ ಮೇಲೆಸೆಯುತ್ತದೆ.

ಕ್ಲಬ್ಬಿನ ದುಡ್ಡು ಒಂದೇ ಗ್ಲೈಡರ್‌ಗೆ ಸಾಕಾದರೆ ಇದನ್ನೇ ಕೊಳ್ಳಿ, ಸ್ಪಿನ್ ತೂಕದ ಕಿಟ್ ಸಮೇತ. ಇನ್ನಷ್ಟು ಹೊಂದುವಂತಿದ್ದರೆ ಜೊತೆಗೆ ಹಳೆಯ ಎಎಸ್‌ಕೆ 13 ಒಂದಿರಲಿ. ಉಕ್ಕಿನ ಕೊಳವೆ, ಮರ, ಬಟ್ಟೆಯ ಆ ಗ್ಲೈಡರ್ ಕೇಳಿದ ಕೂಡಲೇ ಸ್ಪಿನ್ ತೋರಿಸುತ್ತದೆ.